ಐದು ನೆಲ, ಐದು ನಿಲ್ದಾಣ

ಪ್ರವಾಸಕಥನದ ತರಗತಿ ಮುಗಿದ ಮೇಲೆ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲಿನಲ್ಲಿದ್ದ ಚಿತ್ರವೊಂದನ್ನು ನನಗೆ ತೋರಿಸಿದಳು. ಕಡಿದಾದ ಬಂಡೆಯ ನೆತ್ತಿಯಲ್ಲಿ ಒಂದನ್ನೊಂದು ಒತ್ತಿ ನಿಂತ ಹಳದಿ, ಕೆಂಪು, ತಿಳಿಗುಲಾಬಿ ಮನೆಗಳು. ಕೆಳಗೆ ನೀಲಿಯ ಕಡಲು. ಬೆನ್ನಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ತೋಟಗಳು. "ಸರ್, ಇದು ಇಟಲಿ. ಇಂಥ ಐದು ಊರುಗಳು ಸಾಲಾಗಿ ಇವೆಯಂತೆ, ಒಳಗೆ ಕಾರು ಬಿಡುವುದಿಲ್ಲವಂತೆ. ನಮ್ಮ ಕಡೆ ಇಂಥದ್ದು ಯಾಕಿಲ್ಲ?" ಎಂದು ಕೇಳಿದಳು. ಗಂಟೆ ಬಾರಿಸಿದ್ದರಿಂದ ಆಗ ಉತ್ತರ ಹೇಳಲಾಗಲಿಲ್ಲ. ಈಗ ರಜೆಯಲ್ಲಿ ಗೋವೆಯ ಸಾಂಗೆಯಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು ಆ ಉತ್ತರವನ್ನು ಬರೆಯುತ್ತಿದ್ದೇನೆ. ಸಾಂಗೆಯಲ್ಲಿ ಕುಳಿತು ಬರೆಯುತ್ತಿರುವುದಕ್ಕೆ ಕಾರಣವೂ ಇದೆ. ಅದು ಮುಂದೆ ತಿಳಿಯುತ್ತದೆ.

ನಾನು ಇಟಲಿಗೆ ಹೋದವನಲ್ಲ. ಗೋಕಾಕರು 'ಸಮುದ್ರದಾಚೆಯಿಂದ' ಬರೆದಂತೆ, ಕಾರಂತರು 'ಅಪೂರ್ವ ಪಶ್ಚಿಮ' ಬರೆದಂತೆ ಕಣ್ಣಾರೆ ಕಂಡು ಬರೆಯುವ ಯೋಗ ನನಗಿಲ್ಲ. ಓದಿ ತಿಳಿದುದನ್ನು ಓದಿ ತಿಳಿದುದೆಂದೇ, ಕಂಡುದನ್ನು ಕಂಡುದೆಂದೇ ಬೇರೆ ಬೇರೆಯಾಗಿ ಹೇಳುತ್ತೇನೆ. ಪ್ರವಾಸಕಥನವನ್ನು ಓದುವವರಿಗೆ ಈ ಭೇದ ತಿಳಿದಿರುವುದು ಒಳ್ಳೆಯದು.

ಮೊದಲು ಇಟಲಿಯ ಮಾತು. ಆ ಐದು ಊರುಗಳ ಸಾಲಿಗೆ 'ಚಿಂಕ್ವೆ ತೆರ್ರೆ' ಎಂದು ಹೆಸರು. ಚಿಂಕ್ವೆ ಎಂದರೆ ಐದು. ತೆರ್ರಾ ಎಂದರೆ ನೆಲ, ಅದರ ಬಹುವಚನ ತೆರ್ರೆ. ಹಳೆಯ ಬಳಕೆಯಲ್ಲಿ ಈ ಶಬ್ದಕ್ಕೆ ಬರಿಯ ಮಣ್ಣೆಂಬ ಅರ್ಥವಲ್ಲ, ಜನ ನೆಲೆಸಿದ ಊರು ಎಂಬ ಅರ್ಥವೂ ಉಂಟು. ನಮ್ಮಲ್ಲಿ 'ನೆಲ'ದ ಮಗ್ಗುಲಲ್ಲಿಯೇ 'ನೆಲೆ' ಇರುವುದನ್ನು ನೆನೆದರೆ ಇದು ಸುಲಭವಾಗಿ ಹಿಡಿತಕ್ಕೆ ಬರುತ್ತದೆ. ಇಟಲಿಯ ವಾಯವ್ಯಕ್ಕೆ, ಲಿಗೂರಿಯಾ ಎಂಬ ಪ್ರಾಂತದಲ್ಲಿ, ಲಾ ಸ್ಪೆಜಿಯಾ ಪಟ್ಟಣಕ್ಕೆ ಹತ್ತಿರದಲ್ಲಿ ಈ ಊರುಗಳಿವೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲ್ಯಾ, ಮಾನಾರೊಲಾ, ರಿಯೊಮಜ್ಜೋರೆ. ಬೆಟ್ಟ ನೇರವಾಗಿ ಕಡಲಿಗೆ ಬೀಳುವ ಕರಾವಳಿಯದು, ನಡುವೆ ಬಯಲೆಂಬುದಿಲ್ಲ. ಮೊಂತೆರೊಸ್ಸೊದಲ್ಲಿ ಮಾತ್ರ ಹೇಳಿಕೊಳ್ಳುವಂಥ ಮರಳಿನ ದಂಡೆಯಿದೆ. ಉಳಿದವು ತೊರೆಗಳು ಕೊರೆದ ಸಂದಿಗಳಲ್ಲಿಯೋ ಬಂಡೆಯ ಮೂಗಿನ ಮೇಲೆಯೋ ಕುಳಿತಿವೆ. ನಡುವಿನ ಕೊರ್ನಿಲ್ಯಾ ಕಡಲಿನಿಂದ ಸುಮಾರು 100 ಮೀಟರು ಮೇಲಿದೆ. ದೋಣಿ ಕಟ್ಟುವ ತಾಣವೂ ಅದಕ್ಕಿಲ್ಲ. ರೈಲು ನಿಲ್ದಾಣದಿಂದ ಊರಿಗೆ ಏರಲು ಸುಮಾರು 380 ಮೆಟ್ಟಿಲುಗಳನ್ನು ಹತ್ತಬೇಕು.

ಆ ಊರುಗಳೊಳಗೆ ಕಾರುಗಳು ಓಡಾಡುವುದಿಲ್ಲ ಎಂಬುದು ನಿಜ. ಆದರೆ ಅಲ್ಲಿಗೆ ರಸ್ತೆಯೇ ಇಲ್ಲ ಎಂಬುದು ನಿಜವಲ್ಲ. ಬೆಟ್ಟದ ಮೇಲಿಂದ ರಸ್ತೆ ಇಳಿದು ಬಂದು ಊರ ಅಂಚಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಒಳಗೆ ಕಾಲೇ ಗತಿ. ಬೀದಿಗಳು ಬೀದಿಗಳೇ ಅಲ್ಲ, ಮೆಟ್ಟಿಲುಗಳು. ಹಾಗಾಗಿ ಅಲ್ಲಿ ಕಾರಿಲ್ಲದಿರುವುದಕ್ಕೆ ಪರಿಸರಪ್ರೀತಿಗಿಂತ ಮೊದಲು ಇಳಿಜಾರೇ ಕಾರಣ. ಕಾರನ್ನು ಹೊರಗಿಡುವ ನಿಯಮಗಳು ಆಮೇಲೆ ಬಂದವು.

ಇನ್ನು ಆ ಬೆಟ್ಟದ ಮೇಲಿನ ಮೆಟ್ಟಿಲು ತೋಟಗಳು. ಚಿತ್ರ ನೋಡುವವರು ಮನೆಗಳ ಬಣ್ಣವನ್ನು ನೋಡುತ್ತಾರೆ. ಊರು ನಿಂತಿರುವುದು ಈ ತೋಟಗಳ ಗೋಡೆಗಳ ಮೇಲೆ. ನೂರಾರು ವರ್ಷಗಳಿಂದ ಅಲ್ಲಿಯ ರೈತರು ಬೆಟ್ಟದ ಕಲ್ಲನ್ನೇ ಕಿತ್ತು, ಸುಣ್ಣ ಗಾರೆ ಯಾವುದನ್ನೂ ಹಾಕದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ, ಅದರಲ್ಲಿ ದ್ರಾಕ್ಷಿ ಬೆಳೆದರು. ಗಾರೆ ಹಾಕದಿರುವುದು ಬಡತನದ ಗುರುತಲ್ಲ, ಅದರಲ್ಲಿಯೇ ಜಾಣತನವಿದೆ. ಮಳೆನೀರು ಗೋಡೆಯ ಸಂದುಗಳಲ್ಲಿ ಜಿನುಗಿ ಹೊರಗೆ ಹೋಗುತ್ತದೆ. ಸಿಮೆಂಟು ಬಳಿದರೆ ನೀರು ಒಳಗೇ ನಿಂತು, ಮಣ್ಣು ಭಾರವಾಗಿ, ಗೋಡೆಯ ಹೊಟ್ಟೆ ಉಬ್ಬಿ ಒಂದು ದಿನ ಸಿಡಿಯುತ್ತದೆ. ಆದರೆ ಗಾರೆಯಿಲ್ಲದ ಗೋಡೆಗೆ ವರ್ಷವರ್ಷವೂ ಆರೈಕೆ ಬೇಕು. ಜಾರಿದ ಕಲ್ಲನ್ನು ಆ ವರ್ಷವೇ ಎತ್ತಿಡದಿದ್ದರೆ ಮುಂದಿನ ಮಳೆಗೆ ಅದರ ಮೇಲಿನ ಹತ್ತು ಕಲ್ಲುಗಳು ಜಾರುತ್ತವೆ. ಹೀಗೆ ಒಣಗಲ್ಲಿನ ಗೋಡೆ ಕಟ್ಟುವ ಕಲೆಯನ್ನು ಇಟಲಿಯೂ ಸೇರಿದಂತೆ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೊ 2018ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಒಂದು ಶಬ್ದದ ವಿಷಯ. ನಾನು ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿಯೂ ಆಮೇಲೆ ಕನ್ನಡ ಶಾಲೆಯಲ್ಲಿಯೂ ಕಲಿತವನಾದ್ದರಿಂದ ಒಂದು ವಸ್ತುವನ್ನು ಕಂಡರೆ ಎರಡು ಹೆಸರು ಒಟ್ಟಿಗೇ ನೆನಪಿಗೆ ಬರುತ್ತವೆ. ಗಾರೆಯಿಲ್ಲದ ಇಂಥ ಕಲ್ಲುಗೋಡೆಗೆ ಕೊಂಕಣದಲ್ಲಿ 'ಗಡಗಾ' ಎನ್ನುತ್ತಾರೆ. ಕೊಂಕಣದ ಊರುಗಳಲ್ಲಿ ಕಲ್ಲು ಹಾಸಿ ಮೆಟ್ಟಿಲು ಮಾಡಿದ ಕಾಲುದಾರಿಗೆ 'ಪಾಖಾಡಿ' ಎಂಬ ಪ್ರತ್ಯೇಕ ಹೆಸರೇ ಇದೆ. ನಮ್ಮ ಬಯಲುಸೀಮೆಯ ರೈತನ 'ಒಡ್ಡು' ಮಾಡುವುದೂ ಗಡಗಾದ ಕೆಲಸವನ್ನೇ: ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದು. ದಕ್ಷಿಣ ಕನ್ನಡದವರು ಗದ್ದೆಗಳನ್ನು ಎತ್ತರದ ಮೇರೆಗೆ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ಇಳಿಜಾರಿನಲ್ಲಿ ಬದುಕುವವರ ಭಾಷೆಯಲ್ಲಿ ಇಳಿಜಾರಿಗೆ ಸಂಬಂಧಿಸಿದ ಶಬ್ದಗಳು ಹೆಚ್ಚು. ಚಿಂಕ್ವೆ ತೆರ್ರೆಯ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಶಬ್ದಗಳಿಗೆ ಬರವಿಲ್ಲ ಎಂದು ಹೇಳುವುದಕ್ಕಾಗಿ ಇಷ್ಟು ಬರೆದೆ.

ಊರಿಂದೂರಿಗೆ ದೋಣಿ, ಹೇಸರಗತ್ತೆ, ಕಾಲುದಾರಿ ಇಷ್ಟೇ ಇದ್ದ ಆ ಕರಾವಳಿಗೆ 1874ರಲ್ಲಿ ಜಿನೋವಾದಿಂದ ಲಾ ಸ್ಪೆಜಿಯಾದವರೆಗಿನ ರೈಲು ಬಂತು. ಬಂಡೆಯನ್ನು ಕೊರೆದು ಸುರಂಗಗಳ ಮೂಲಕ ಬಂತು. ಇಂದಿಗೂ ಆ ಊರುಗಳ ನಡುವೆ ರೈಲಿನಲ್ಲಿ ಹೋದರೆ ಕಡಲು ಕಾಣುವುದು ಮಿಂಚಿದಷ್ಟು ಹೊತ್ತು ಮಾತ್ರ. ಒಂದು ಊರಿನಿಂದ ಇನ್ನೊಂದಕ್ಕೆ ಕೆಲವೇ ನಿಮಿಷ. ರೈಲು ಬಂದದ್ದರಿಂದ ಊರು ಉಳಿಯಿತು ಎಂದು ಒಂದು ಬಾಯಿ ಹೇಳಿದರೆ, ರೈಲಿನಿಂದಲೇ ಬರಿದಾಯಿತು ಎಂದು ಇನ್ನೊಂದು ಬಾಯಿ ಹೇಳೀತು, ಎರಡೂ ಸರಿ. ಗಂಡಸರು ಲಾ ಸ್ಪೆಜಿಯಾದ ನೌಕಾ ಕಾರ್ಖಾನೆಯ ಸಂಬಳಕ್ಕೆ ಹೋದರು. ಗೋಡೆ ನೋಡುವ ಕೈಗಳು ಕಡಿಮೆಯಾದವು. ಆಮೇಲೆ ಅದೇ ರೈಲಿನಲ್ಲಿ ಪ್ರವಾಸಿಗಳು ಬಂದರು. 1997ರಲ್ಲಿ ಆ ಪ್ರದೇಶ ವಿಶ್ವ ಪರಂಪರೆಯ ತಾಣವಾಯಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಾಳುಬಿದ್ದ ತೋಟದ ಗೋಡೆಗಳು ಮಾತ್ರ ಪಟ್ಟಿಗೆ ಸೇರಿದ ಮಾತ್ರಕ್ಕೆ ತಾವಾಗಿ ಎದ್ದು ನಿಲ್ಲಲಿಲ್ಲ. 2011ರ ಅಕ್ಟೋಬರ್ 25ರಂದು ಸುರಿದ ಭಾರಿ ಮಳೆಗೆ ಬೆಟ್ಟ ಇಳಿದು ಬಂದು ವೆರ್ನಾತ್ಸಾ ಮತ್ತು ಮೊಂತೆರೊಸ್ಸೊಗಳ ಬೀದಿಗಳನ್ನು ಕೆಸರು ಕಲ್ಲುಗಳಿಂದ ತುಂಬಿತು, ಜೀವಹಾನಿಯೂ ಆಯಿತು. ಮರುವರ್ಷ ರಿಯೊಮಜ್ಜೋರೆ ಮತ್ತು ಮಾನಾರೊಲಾಗಳ ನಡುವಿನ ಹೆಸರಾಂತ 'ಪ್ರೇಮಪಥ'ದ ಮೇಲೆ ಬಂಡೆ ಉರುಳಿ ನಡೆಯುತ್ತಿದ್ದವರು ಗಾಯಗೊಂಡರು. ಒಂದು ಕಿಲೋಮೀಟರೂ ಇಲ್ಲದ ಆ ಹಾದಿ ಮತ್ತೆ ತೆರೆಯಲು 2024 ಬರಬೇಕಾಯಿತು. ಆ ಪ್ರೇಮಪಥವೂ ಮೂಲತಃ ಪ್ರೇಮಿಗಳಿಗಾಗಿ ಕಡಿದದ್ದಲ್ಲ. ರೈಲುಮಾರ್ಗದ ಕೆಲಸದ ಸಂಬಂಧವಾಗಿ ಹುಟ್ಟಿದ ಕೂಲಿಕಾರರ ಹಾದಿ.

ಸಾಹಿತ್ಯದ ವಿದ್ಯಾರ್ಥಿಗಳಾದ ನಿಮಗೆ ಮೊಂತೆರೊಸ್ಸೊದ ಬಗ್ಗೆ ಇನ್ನೊಂದು ಸಂಗತಿ ತಿಳಿದಿರಬೇಕು. 1975ರ ನೊಬೆಲ್ ಪಾರಿತೋಷಕ ಪಡೆದ ಕವಿ ಯೂಜೆನಿಯೊ ಮೊಂತಾಲೆಯ ಕುಟುಂಬದ ಬೇಸಗೆಯ ಮನೆ ಅಲ್ಲಿತ್ತು. ಅವನ ಬಾಲ್ಯ ಯೌವನಗಳ ಬೇಸಗೆಗಳು ಆ ಬಂಡೆಗಳ ನಡುವೆ ಕಳೆದವು. 1925ರಲ್ಲಿ ಬಂದ ಅವನ ಮೊದಲ ಕವನಸಂಕಲನದ ಹೆಸರು 'ಓಸ್ಸಿ ದಿ ಸೇಪ್ಪಿಯಾ'. ಇದನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಒಂದು ಬಗೆಯ ಕಡಲಜೀವಿಯ ಎಲುಬುಗಳು ಎಂದಾಗುತ್ತದೆ. ಅಲೆ ತಂದು ದಡಕ್ಕೆಸೆಯುವ ಬಿಳಿಯ, ಹಗುರಾದ, ಒಣಗಿದ ವಸ್ತು ಅದು. ನಮ್ಮ ವೈದ್ಯರು ಇದೇ ವಸ್ತುವನ್ನು ಬಲ್ಲರು. ಆಯುರ್ವೇದದಲ್ಲಿ ಅದಕ್ಕೆ 'ಸಮುದ್ರಫೇನ', ಎಂದರೆ ಕಡಲನೊರೆ ಎಂದು ಹೆಸರು. ಒಬ್ಬನಿಗೆ ಎಲುಬಾಗಿ ಕಂಡದ್ದು ಇನ್ನೊಬ್ಬನಿಗೆ ನೊರೆಯಾಗಿ ಕಂಡಿತು. ಆ ಸಂಕಲನವನ್ನು ಕನ್ನಡಕ್ಕೆ ತರುವವರು ಯಾವ ಹೆಸರನ್ನಿಡಬೇಕು? 'ಸಮುದ್ರಫೇನ' ಎಂದರೆ ಕಿವಿಗೆ ಹಿತ, ವಸ್ತುವೂ ಅದೇ. ಆದರೆ ಮೊಂತಾಲೆಗೆ ಬೇಕಾದ ಎಲುಬಿನ ಒಣತನ ಅದರಲ್ಲಿ ಇಲ್ಲ. ಮುಂದಿನ ಅವಧಿಯ ಅನುವಾದದ ತರಗತಿಗೆ ಇದನ್ನು ಮನೆಗೆಲಸವೆಂದು ತಿಳಿಯಿರಿ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆ ಇಂಥದ್ದು ಇದೆಯೆ? ಬಂಡೆ, ರೈಲು, ಕಾರು ಬಾರದ ತಾಣಗಳ ಸಾಲು, ಇವು ಮೂರೂ ಒಟ್ಟಿಗಿರುವ ಜಾಗ ನಾನು ಕುಳಿತಿರುವ ಈ ಜಗಲಿಯಿಂದ ಬಹಳ ದೂರವಿಲ್ಲ. ಅಲ್ಲಿ ಕಡಲು ಮಾತ್ರ ಇಲ್ಲ.

ನಮ್ಮ ಬಾಲ್ಯದಲ್ಲಿ ಖಾನಾಪುರದ ಕಡೆಯಿಂದ ಸಾಂಗೆಗೆ ಬರುವುದೆಂದರೆ ಲೋಂಡಾದಲ್ಲಿ ಮೀಟರ್ ಗೇಜ್ ರೈಲು ಹತ್ತಿ ಘಟ್ಟ ಇಳಿಯುವುದು. ಘಟ್ಟದ ನೆತ್ತಿಯಲ್ಲಿ ಕ್ಯಾಸಲ್ ರಾಕ್. ಅದು ಉತ್ತರ ಕನ್ನಡದ ಜೋಯಿಡಾ ತಾಲೂಕಿನದು. ಅಲ್ಲಿಂದ ಕೆಳಗೆ ಕರಂಜೋಳ, ದೂಧಸಾಗರ, ಸೋನಾವಳಿ, ಕೊನೆಗೆ ಘಟ್ಟದ ಬುಡದಲ್ಲಿ ಕುಳೆಂ. ಎಣಿಸಿ ನೋಡಿ, ಇವೂ ಐದು. ಮೇಲಿನ ತುದಿಗೂ ಕೆಳಗಿನ ತುದಿಗೂ ರಸ್ತೆಯಿದೆ. ನಡುವಿನ ಮೂರಕ್ಕೆ ಪ್ರಯಾಣಿಕನು ನಂಬಿ ಹೋಗಬಹುದಾದ ರಸ್ತೆಯಿಲ್ಲ. ಅಕ್ಕಿಯ ಚೀಲ ಬರುವುದೂ ರೈಲಿನಲ್ಲಿ, ಕಾಯಿಲೆಯವನು ಹೋಗುವುದೂ ರೈಲಿನಲ್ಲಿ. (ನಮ್ಮ ಕಡೆ 'ಗಾಡಿ' ಎಂದರೆ ರೈಲು ಎಂದೇ ಅರ್ಥ. ಹಾಗಾಗಿ ಇವನ್ನು ಗಾಡಿ ಬಾರದ ಊರುಗಳೆಂದು ನಮ್ಮತ್ತೆಯ ಮುಂದೆ ಹೇಳಿದರೆ ಅವಳು ನಕ್ಕುಬಿಡುತ್ತಾಳೆ.) ಈ ಘಟ್ಟದ ಕೆಳಭಾಗವೆಲ್ಲ ಬಹುಕಾಲ ಸಾಂಗೆ ತಾಲೂಕಿಗೆ ಸೇರಿತ್ತು. ಈಚೆಗೆ ಧಾರಬಾಂದೋಡೆ ಎಂಬ ಹೊಸ ತಾಲೂಕಾದ ಮೇಲೆ ಕುಳೆಂ ಮೊಲೆಂಗಳು ಅದಕ್ಕೆ ಹೋದವು. ಹಳಬರ ಬಾಯಲ್ಲಿ ಇನ್ನೂ ಅದು ಸಾಂಗೆಯ ಘಾಟೇ.

'ಘಾಟ್' ಎಂಬುದರ ಬಗ್ಗೆಯೂ ಒಂದು ಮಾತು ಹೇಳಿಯೇ ಮುಂದುವರಿಯುತ್ತೇನೆ, ಇಲ್ಲದಿದ್ದರೆ ನಾನು ಕನ್ನಡ ಮೇಷ್ಟರೇ ಅಲ್ಲ. ಸಂಸ್ಕೃತದ ಒಂದೇ ಮೂಲದಿಂದ ಬಂದ ಶಬ್ದ ಕನ್ನಡದಲ್ಲಿ 'ಘಟ್ಟ'ವಾಗಿ, ಬೆಟ್ಟವೆಂಬ ಅರ್ಥದ ಜೊತೆಗೆ ಹಂತ ಎಂಬ ಅರ್ಥವನ್ನೂ ಪಡೆಯಿತು. ಕಥೆಯ ಒಂದು ಘಟ್ಟ, ಜೀವನದ ಒಂದು ಘಟ್ಟ ಎನ್ನುತ್ತೇವೆ. ಮರಾಠಿಯ 'ಘಾಟ' ನದಿಯ ಸೋಪಾನವೂ ಹೌದು, ಬೆಟ್ಟದ ಕಣಿವೆದಾರಿಯೂ ಹೌದು. ಅದರ ಮೇಲೆ ಮರಾಠಿ ವಿಮರ್ಶಕರು ಕವಿತೆಯ ಆಕಾರವನ್ನೂ ಘಾಟ ಎನ್ನುತ್ತಾರೆ. ಕನ್ನಡದ ಘಟ್ಟ ಕಾಲದ ಕಡೆಗೆ ಹೋಯಿತು, ಮರಾಠಿಯದು ರೂಪದ ಕಡೆಗೆ.

ಈ ರೈಲುಮಾರ್ಗದ ಹುಟ್ಟು ರಾಜಕಾರಣದ್ದು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಜರಿಗೂ ಒಂದು ಒಪ್ಪಂದವಾಯಿತು. ಮುರಗಾವ್ ಬಂದರನ್ನು ಬ್ರಿಟಿಷ್ ಇಂಡಿಯಾದ ರೈಲುಜಾಲಕ್ಕೆ ಸೇರಿಸುವುದು, ಸುಂಕವನ್ನು ಒಂದುಗೂಡಿಸುವುದು, ಗೋವೆಯ ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ, ಇವು ಅದರ ಮುಖ್ಯ ಅಂಶಗಳು. ಲಂಡನ್ನಿನಲ್ಲಿ ಸ್ಥಾಪಿತವಾದ 'ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಜ್ ರೈಲ್ವೆ' ಎಂಬ ಕಂಪನಿ ಕೆಲಸ ಹಿಡಿಯಿತು. ಮುರಗಾವ್‌ನಿಂದ ಸಾವರ್ಡೆಯವರೆಗಿನ ಬಯಲ ಮಾರ್ಗ 1887ರಲ್ಲಿ ತೆರೆಯಿತು, ಘಟ್ಟ ಹತ್ತಿ ಕ್ಯಾಸಲ್ ರಾಕ್ ಮುಟ್ಟಿದ್ದು 1888ರಲ್ಲಿ. ಚಿಂಕ್ವೆ ತೆರ್ರೆಯ ರೈಲಿಗಿಂತ ಹದಿನಾಲ್ಕು ವರ್ಷ ಕಿರಿಯದು. ಸುಮಾರು 26 ಕಿಲೋಮೀಟರಿನ ಈ ಇಳಿಜಾರಿಗೆ ಪೋರ್ಚುಗಲ್ಲಿನ ರಾಜಮನೆತನದ ಹೆಸರಿನಿಂದ ಬ್ರಗಾಂಜಾ ಘಾಟ್ ಎಂದು ಹೆಸರಾಯಿತು. ಅದರ ಏರು 37ಕ್ಕೆ 1: ಎಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ. ನಡೆಯುವವನಿಗೆ ಇದು ಏರೇ ಅಲ್ಲ, ರೈಲಿಗೆ ಬೆಟ್ಟ. ಆದ್ದರಿಂದ ಮೇಲೇರುವ ಗಾಡಿಗೆ ಹಿಂದಿನಿಂದ ನೂಕುವ ಎಂಜಿನುಗಳನ್ನು ಕಟ್ಟುತ್ತಾರೆ; ರೈಲ್ವೆಯವರು ಅವಕ್ಕೆ 'ಬ್ಯಾಂಕರ್' ಎನ್ನುತ್ತಾರೆ.

ಪೋರ್ಚುಗೀಜರ ಕಾಲದಲ್ಲಿ ಕ್ಯಾಸಲ್ ರಾಕಿನಲ್ಲಿ ಒಂದು ದೇಶದ ಸುಂಕದವರೂ ಕುಳೆಂನಲ್ಲಿ ಇನ್ನೊಂದು ದೇಶದ ಸುಂಕದವರೂ ಪ್ರಯಾಣಿಕರ ಗಂಟು ಬಿಚ್ಚಿಸುತ್ತಿದ್ದರು. ನಮ್ಮತ್ತೆಯ ಮಾವನವರ ಕಾಲದ ಕಥೆಗಳಲ್ಲಿ ಅರ್ಧ ಈ ಗಂಟು ಬಿಚ್ಚಿಸುವ ಕಥೆಗಳೇ. 1955ರಲ್ಲಿ ಭಾರತವು ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಹೇರಿದಾಗ ಗಡಿ ದಾಟುವ ರೈಲು ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಬಳಿಕವೇ ಸಂಚಾರಕ್ಕೆ ಮತ್ತೆ ದಾರಿಯಾಯಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಇಂದು ಇದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಆದ್ದರಿಂದ ಗೋವೆಯ ಕಾಡಿನ ನಡುವಿನ ಈ ನಿಲ್ದಾಣಗಳಲ್ಲಿ ಕನ್ನಡ ಕೇಳಿಬರುವುದು ಆಶ್ಚರ್ಯವಲ್ಲ.

ಹೀಗೆ ಕನ್ನಡ ಕೇಳಿದ್ದರಿಂದಲೇ ಈ ಘಟ್ಟದ ಬಗ್ಗೆ ನನ್ನ ತಿಳಿವಳಿಕೆ ಬದಲಾಯಿತು. ಅಲ್ಲಿಯವರೆಗೆ ನನಗೂ ಅದು ಕಿಟಕಿಯಾಚೆಯ ದೃಶ್ಯವಾಗಿತ್ತು: ಸುರಂಗ, ಕತ್ತಲೆ, ಮಕ್ಕಳ ಕೂಗು, ಮತ್ತೆ ಬೆಳಕು, ಒಮ್ಮೆಲೇ 310 ಮೀಟರು ಎತ್ತರದಿಂದ ಹಾಲಿನಂತೆ ಇಳಿಯುವ ದೂಧಸಾಗರದ ಧಬಧಬೆ, ಕಿಟಕಿಯೊಳಗೇ ಹಾರಿ ಬರುವ ತುಂತುರು. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ಮಳೆಗಾಲದಲ್ಲಿ ಪದೇ ಪದೇ ಗೈರುಹಾಜರಾಗುತ್ತಿದ್ದ. ಗದರಿಸಿ ಕೇಳಿದಾಗ, "ಊರಿಂದ ಗಾಡಿ ಬರಲಿಲ್ಲ ಸರ್" ಎಂದ. ಯಾವ ಊರು ಎಂದರೆ, ಹೇಳಲು ಅವನಿಗೆ ಊರಿನ ಹೆಸರಿರಲಿಲ್ಲ, ನಿಲ್ದಾಣದ ಹೆಸರಿತ್ತು. ಅವನ ತಂದೆ ಘಟ್ಟದಲ್ಲಿ ಗ್ಯಾಂಗ್‌ಮನ್. ಧಾರವಾಡ ಜಿಲ್ಲೆಯ ಒಂದು ಹಳ್ಳಿಯಿಂದ ಬಂದವರು. ಕ್ವಾರ್ಟರ್ಸು ಹಳಿಯ ಪಕ್ಕದಲ್ಲಿ. ಸಂತೆಗೆ ಹೋಗಬೇಕಾದರೂ ರೈಲು. ತಂಗಿಗೆ ಜ್ವರ ಬಂದ ರಾತ್ರಿ ಕೆಳಗಿಳಿಯುವ ಸರಕುಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಕೂರಿಸಿಕೊಂಡು ಹೋದ ಕಥೆಯನ್ನು ಅವನು ಏನೂ ವಿಶೇಷವಲ್ಲವೆಂಬಂತೆ ಹೇಳಿದ. ಗದರಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವನ ಹಾಜರಾತಿಯ ವಿಷಯ ಆಮೇಲೆ ಹೇಗೋ ಸರಿಹೋಯಿತು, ಅದನ್ನು ಇಲ್ಲಿ ಬರೆಯುವುದು ಬೇಡ.

ಮುಂದೆ ಅವನ ತಂದೆಯವರ ಪರಿಚಯವಾಯಿತು. ಮಳೆಗಾಲದಲ್ಲಿ ಅವರದು ರಾತ್ರಿ ಗಸ್ತಿನ ಕೆಲಸ. ಈ ಗಸ್ತಿನ ಕ್ರಮವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಘಟ್ಟದ ಮಾರ್ಗವನ್ನು ತುಂಡುಗಳಾಗಿ ಹಂಚಿ, ಒಂದೊಂದು ತುಂಡಿಗೆ ನಡೆಯುವವರನ್ನು ನೇಮಿಸುತ್ತಾರೆ. ಕೈಯಲ್ಲಿ ಲಾಂದ್ರ ಅಥವಾ ಬ್ಯಾಟರಿ, ಕೆಂಪು ಬಾವುಟ, ಚೀಲದಲ್ಲಿ ಹಳಿಗೆ ಕಟ್ಟುವ ಸ್ಫೋಟಕ. ಗ್ಯಾಂಗಿನವರ ಮಾತಿನಲ್ಲಿ ಅದು 'ಪಟಾಕಿ'. ಹಳಿಯ ಮೇಲೆ ಮಣ್ಣು ಬಿದ್ದಿದ್ದರೆ, ಹಳಿಯ ಕೆಳಗಿನ ಜಲ್ಲಿ ಕೊಚ್ಚಿ ಹೋಗಿದ್ದರೆ, ಬರುವ ಗಾಡಿಯ ಕಡೆಗೆ ನಿಯಮ ಹೇಳಿದಷ್ಟು ದೂರ ಓಡಿ ಈ ಪಟಾಕಿಯನ್ನು ಹಳಿಗೆ ಕಟ್ಟಬೇಕು. ಗಾಲಿ ಅದರ ಮೇಲೆ ಹರಿದಾಗ ಆಗುವ ಸದ್ದಿಗೆ ಚಾಲಕ ಗಾಡಿ ನಿಲ್ಲಿಸುತ್ತಾನೆ. ಏನೂ ಆಗಿಲ್ಲದಿದ್ದರೆ ತನ್ನ ತುಂಡಿನ ತುದಿಯವರೆಗೆ ನಡೆದು, ಆಚೆಯಿಂದ ಬಂದ ಇನ್ನೊಬ್ಬನೊಡನೆ ಪುಸ್ತಕ ಬದಲಿಸಿಕೊಂಡು ಹಿಂದಿರುಗಬೇಕು. ಆ ಪುಸ್ತಕ ಬದಲಾದರೆ ಇಬ್ಬರೂ ಪೂರ್ತಿ ನಡೆದಿದ್ದಾರೆ ಎಂದು ಲೆಕ್ಕ. ನಾವು ಕಂಬಳಿ ಹೊದ್ದು ಘಟ್ಟ ಇಳಿಯುವ ರಾತ್ರಿಗಳಲ್ಲಿ ಹಳಿಗುಂಟ ಹೀಗೆ ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ.

ದೂಧಸಾಗರದ ಸೊಬಗನ್ನು ನಾನು ಅವರ ಮುಂದೆ ಹೊಗಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳಿಗಾಲದಾಗ ಆ ಸಪ್ಪಳಕ್ಕ ಗಾಡಿ ಬಂದದ್ದ ಗೊತ್ತಾಗೂದಿಲ್ರಿ ಸರ. ಉಳಿದ ಕಡೆ ಕಿವಿ ನಂಬಿ ನಡೀತೀವಿ. ಅಲ್ಲಿ ಮಾತ್ರ ಹೊಳ್ಳಿ ಹೊಳ್ಳಿ ನೋಡ್ಕೋಂತ ಹೋಗಬೇಕು" ಎಂದರು. ಧಬಧಬೆಯ ಬಗ್ಗೆ ನಾನು ಕೇಳಿದ ವರ್ಣನೆಗಳಲ್ಲಿ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ.

ಚಿಂಕ್ವೆ ತೆರ್ರೆಯಲ್ಲಿ ಗೋಡೆ ನೋಡುವ ರೈತ ಮಾಡುವ ಕೆಲಸವನ್ನು ಇಲ್ಲಿ ಗ್ಯಾಂಗ್‌ಮನ್ ಮಾಡುತ್ತಾನೆ. ಕಡಿದ ಬೆಟ್ಟ ಎಲ್ಲಿದ್ದರೂ ಇಳಿಯಲು ನೋಡುತ್ತದೆ. ನೀರಿಗೆ ದಾರಿ ಮಾಡಿಕೊಟ್ಟು, ಜಾರಿದ ಕಲ್ಲನ್ನು ಎತ್ತಿಟ್ಟು, ದಿನವೂ ನಡೆದು ನೋಡುವವನಿದ್ದರೆ ನಿಲ್ಲುತ್ತದೆ. ಅಷ್ಟಾದರೂ ಕೆಲವೊಮ್ಮೆ ನಿಲ್ಲುವುದಿಲ್ಲ. 2021ರ ಜುಲೈ ತಿಂಗಳ ಮಳೆಯಲ್ಲಿ ದೂಧಸಾಗರ ಮತ್ತು ಸೋನಾವಳಿಗಳ ನಡುವೆ ಗುಡ್ಡ ಕುಸಿದು, ಬೇರೆ ಮಾರ್ಗದಿಂದ ಇತ್ತ ತಿರುಗಿಸಿದ್ದ ಪ್ರಯಾಣಿಕರ ಗಾಡಿಯೊಂದು ಹಳಿ ತಪ್ಪಿತು.

ಇಲ್ಲಿ ಒಂದು ದೊಡ್ಡ ವಾದವೂ ಇದೆ. ಈ ಮಾರ್ಗ ಹಾದುಹೋಗುವುದು ಭಗವಾನ್ ಮಹಾವೀರ ಅಭಯಾರಣ್ಯದ ಕಾಡಿನಲ್ಲಿ. ಒಂಟಿ ಹಳಿಯನ್ನು ಜೋಡಿ ಮಾಡಬೇಕೆಂಬ ಯೋಜನೆ ಬಂದಾಗ, ಕಲ್ಲಿದ್ದಲನ್ನು ಬಂದರಿನಿಂದ ಮೇಲಕ್ಕೆ ಸಾಗಿಸುವುದಕ್ಕಾಗಿ ಕಾಡನ್ನು ಕಡಿಯಬೇಕೆ ಎಂದು ಗೋವೆಯಲ್ಲಿ ಜನ ಚಳವಳಿ ಮಾಡಿದರು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಸಲ್ ರಾಕ್–ಕುಳೆಂ ಭಾಗದ ಜೋಡಿಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದುಮಾಡಿತು. ನನ್ನ ಮನಸ್ಸು ಕಾಡಿನ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ರಸ್ತೆಯಿಲ್ಲದ ಜಾಗ ಎಷ್ಟು ಚೆಂದ ಎಂದು ರಸ್ತೆಯಿರುವ ಊರಿನಲ್ಲಿ ಕುಳಿತು ಹೇಳುವಾಗ, ಜ್ವರ ಬಂದ ಆ ಹುಡುಗಿ ನೆನಪಾಗುತ್ತಾಳೆ. ಕಾಡು ಉಳಿಯಬೇಕು, ಅದರ ನಡುವೆ ಹಳಿ ಕಾಯುವವರಿಗೆ ವೈದ್ಯರು, ಮಕ್ಕಳ ಶಾಲೆಗೆ ಹೊಂದುವ ಗಾಡಿ ಇವೂ ಇರಬೇಕು. ಮೊದಲನೆಯದಕ್ಕೆ ನ್ಯಾಯಾಲಯದವರೆಗೆ ಹೋಗುವ ಜನರಿದ್ದಾರೆ. ಎರಡನೆಯದನ್ನು ಕೇಳುವವರು ಕಡಿಮೆ.

ಕಡಲು ಬೇಕೇ ಬೇಕು ಎನ್ನುವವರಿಗೆ ಗೋಕರ್ಣವಿದೆ. ಊರ ಮುಂದಿನ ದಂಡೆಯಿಂದ ತೆಂಕಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೆ ಹತ್ತಿ ಇಳಿದರೆ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್. ಅಲ್ಲಿಯೂ ಲೆಕ್ಕ ಐದಕ್ಕೇ ಬರುತ್ತದೆ. ಓಂ ದಂಡೆಯ ತನಕ ಇಂದು ವಾಹನ ಹೋಗುತ್ತದೆ. ಅದರಾಚೆ ಬಂಡೆಯಂಚಿನ ಕಾಲುದಾರಿ, ಇಲ್ಲವೆ ದೋಣಿ. ಜಂಬಿಟ್ಟಿಗೆಯ ಗುಡ್ಡದ ಮೇಲೆ ನಿಂತು ಎರಡೂ ಕಡೆಯ ಕೊಲ್ಲಿಗಳನ್ನು ನೋಡುವುದು ದೊಡ್ಡ ಸುಖ. ಆದರೆ ಕೊನೆಯ ಎರಡು ದಂಡೆಗಳಲ್ಲಿ ಊರಿಲ್ಲ. ಇಟಲಿಯವರ ಹಳೆಯ ಅರ್ಥದಲ್ಲಿ ಅವು ನೆಲಗಳು ಹೌದೋ ಅಲ್ಲವೋ ಎಂದು ನೀವೇ ಚರ್ಚಿಸಿ.

ಘಟ್ಟವನ್ನು ನೋಡಬಯಸುವವರಿಗೆ ಕೆಲವು ಸೂಚನೆಗಳು. ಹುಬ್ಬಳ್ಳಿ ಅಥವಾ ಲೋಂಡಾದಿಂದ ಹಗಲಿನಲ್ಲಿ ಘಟ್ಟ ಇಳಿಯುವ ಗಾಡಿಯನ್ನೇ ಆರಿಸಿಕೊಳ್ಳಿ. ಎಲ್ಲ ಗಾಡಿಗಳೂ ನಡುವಿನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗಾಗಿ ನಿಲ್ಲುವುದಿಲ್ಲ, ವೇಳಾಪಟ್ಟಿಯನ್ನು ಹೊರಡುವ ಮುನ್ನ ಕೇಳಿಕೊಳ್ಳಿ. ಹಳಿಗುಂಟ ನಡೆಯುವುದನ್ನು ರೈಲ್ವೆ ನಿಷೇಧಿಸಿದೆ. ನಮ್ಮ ಹುಡುಗರು ಹಿಂದೆ ಸಾಹಸವೆಂದು ನಡೆದದ್ದುಂಟು, ಈಗ ಅದು ಬೇಡ. ಧಬಧಬೆಯ ಬುಡಕ್ಕೆ ಹೋಗಲು ಮಳೆಗಾಲ ಕಳೆದ ಮೇಲೆ ಕುಳೆಂನಿಂದ ಕಾಡಿನೊಳಗೆ ಜೀಪುಗಳು ಓಡುತ್ತವೆ, ಮಳೆಗಾಲದಲ್ಲಿ ಆ ದಾರಿ ಮುಚ್ಚಿರುತ್ತದೆ. ಕ್ಯಾಸಲ್ ರಾಕಿನಲ್ಲಿ ಗಾಡಿ ಬಹಳ ಹೊತ್ತು ನಿಂತರೆ ಬೇಸರಪಡಬೇಡಿ. ಇಳಿಯುವ ಮೊದಲು ಬ್ರೇಕುಗಳನ್ನು ಪರೀಕ್ಷಿಸುತ್ತಿರುತ್ತಾರೆ. ಆ ಬಿಡುವಿನಲ್ಲಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸುತ್ತಿಗೆ ಹಿಡಿದು ಕುಳಿತವರೊಡನೆ ಕನ್ನಡದಲ್ಲಿ ನಾಲ್ಕು ಮಾತನಾಡಿ. ಪ್ರವಾಸಕಥನದ ನಿಯೋಜಿತ ಬರವಣಿಗೆಗೆ ಈ ಸಲ ಯಾರಾದರೂ ಈ ಘಟ್ಟವನ್ನು ಆರಿಸಿಕೊಳ್ಳುವುದಾದರೆ ನನಗೆ ತಿಳಿಸಿರಿ. ಆ ಹುಡುಗನ ತಂದೆಯವರು ಈಗ ನಿವೃತ್ತರಾಗಿ ಊರಿನಲ್ಲಿದ್ದಾರೆ, ಮಾತಿಗೆ ಸಿಗುತ್ತಾರೆ.